ಆನೆಯ ಮೊಣಕಾಲು

"ಕೈಕಾಲು ಗಟ್ಟಿ ಇರುವಾಗಲೇ ದೇವರು ಕರೆದುಕೊಂಡುಬಿಟ್ಟರೆ ಸಾಕು ಕಣೇ." ನಮ್ಮ ಕಡೆ ವಯಸ್ಸಾದ ಹೆಂಗಸರು ದೇವರಲ್ಲಿ ಬೇಡಿಕೊಳ್ಳುವುದು ಇಷ್ಟೇ. ದುಡ್ಡು ಬೇಡ, ಬಂಗಾರ ಬೇಡ, ಕೊನೆಗೆ ಆಯುಸ್ಸೂ ಬೇಡ. ಕಾಲು ನಿಲ್ಲಬೇಕು, ಅಷ್ಟೇ. ಇನ್ನೊಬ್ಬರ ಕೈಯಿಂದ ನೀರು ಕುಡಿಯುವ ಹೊತ್ತು ಬರಬಾರದು. ಹೆಂಗಸಿನ ಲೆಕ್ಕದಲ್ಲಿ ಬದುಕು ಎಂದರೆ ನಿಂತಿರುವುದು. ಒಲೆಯ ಮುಂದೆ, ಬಚ್ಚಲಲ್ಲಿ, ಬಾವಿಕಟ್ಟೆಯಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಬಸ್ಸಿನಲ್ಲಿ ನಿಂತಿರುವುದು. ನನ್ನಂಥವಳಿಗೆ ಇದರ ಜೊತೆಗೆ ಕಪ್ಪುಹಲಗೆಯ ಮುಂದೆಯೂ ನಿಲ್ಲುವುದು.

ಮೂವತ್ತು ವರ್ಷದಿಂದ ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುತ್ತಿದ್ದೇನೆ. ದಿನಕ್ಕೆ ಐದು ಪೀರಿಯಡ್ ಎಂದರೂ ಎಷ್ಟು ಗಂಟೆ ನಿಂತಿದ್ದೇನೋ, ನೀವೇ ಗುಣಿಸಿಕೊಳ್ಳಿ. ಹೋದ ವರ್ಷದ ಮಳೆಗಾಲದಲ್ಲಿ ಎಡಗಾಲಿನ ಮೊಣಕಾಲು ಮೆಟ್ಟಿಲು ಹತ್ತುವಾಗ ಕಟಕಟ ಎನ್ನಲು ಶುರುವಾಯಿತು. ಎಣ್ಣೆ ಹಚ್ಚಿದೆ, ಮರಳು ಬಿಸಿಮಾಡಿ ಶಾಖ ಕೊಟ್ಟೆ, ಲಕ್ಕಿಸೊಪ್ಪಿನ ನೀರು ಹಾಕಿಕೊಂಡೆ. ಪಕ್ಕದ ಮನೆಯವರು ಹೇಳಿದ ಔಷಧಿಗಳೆಲ್ಲ ಮುಗಿದ ಮೇಲೆ ಶಿವಮೊಗ್ಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದೆ.

ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ನೋಡಿ ಟೀಚರ್, ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಇಷ್ಟು ಜಾಗ ಇರಬೇಕಿತ್ತು. ನಿಮಗೆ ಇಷ್ಟೇ ಉಳಿದಿದೆ" ಎಂದು ಬೆರಳಿನಿಂದ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಜಾಗ ಕಡಿಮೆಯಾದರೆ ನೋವೇಕೆ? ಅವರು ತಾಳ್ಮೆಯಿಂದ ವಿವರಿಸಿದರು. ಅದು ಬರೀ ಜಾಗವಲ್ಲವಂತೆ. ಮೂಳೆಯ ತುದಿಗೆ ನುಣ್ಣನೆಯ ಮೆದುಮೂಳೆಯ ಹೊದಿಕೆ ಇರುತ್ತದೆ. ಎಕ್ಸ್‌ರೇ ಕಿರಣಗಳನ್ನು ಚೆನ್ನಾಗಿ ತಡೆಯುವುದು ಸುಣ್ಣದ ಅಂಶ ತುಂಬಿದ ಮೂಳೆ, ಆದ್ದರಿಂದ ಅದು ಬೆಳ್ಳಗೆ ಕಾಣುತ್ತದೆ. ಮೆದುಮೂಳೆಯ ಮೂಲಕ ಕಿರಣ ಸುಲಭವಾಗಿ ತೂರಿಹೋಗುವುದರಿಂದ ಅಲ್ಲಿ ಖಾಲಿ ಇದ್ದಂತೆ ತೋರುತ್ತದೆ. ಅಂದರೆ ನನ್ನ ಕಾಲಿನಲ್ಲಿ ಸವೆದದ್ದು ಚಿತ್ರದಲ್ಲಿ ಕಾಣಿಸದೇ ಇರುವ ವಸ್ತು. ಕಾಣುವುದು ಅದು ಬಿಟ್ಟುಹೋದ ಕೊರತೆ ಮಾತ್ರ.

ನಾನು ಆ ಲಕೋಟೆ ಹಿಡಿದುಕೊಂಡು ಬಂದ ವಾರವೇ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಳು. ಅವಳು ಪಶುವೈದ್ಯೆ. ಹಸು ಎಮ್ಮೆಗಳ ಜೊತೆ ಕೆಲಸ ಮಾಡಿದರೂ ಅವಳ ಮನಸ್ಸೆಲ್ಲ ಕಾಡುಪ್ರಾಣಿಗಳ ಮೇಲೆ. ನನ್ನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, "ದೊಡ್ಡಮ್ಮಾ, ನಿಮ್ಮ ಮೊಣಕಾಲಿಗೂ ಆನೆಯ ಮೊಣಕಾಲಿಗೂ ಎಷ್ಟೊಂದು ಹೋಲಿಕೆ ಇದೆ ಗೊತ್ತಾ?" ಎಂದಳು.

"ನಾನು ದಪ್ಪ ಎಂದು ನೇರವಾಗಿ ಹೇಳಬಹುದಿತ್ತಲ್ಲ ಮಾರಾಯ್ತಿ" ಎಂದೆ.

ಅವಳು ನಕ್ಕಳು, ಆದರೆ ಬಿಡಲಿಲ್ಲ. ತನ್ನ ಲ್ಯಾಪ್‌ಟಾಪ್ ತೆರೆದು ಆನೆಯ ಹಿಂಗಾಲಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಕೆಲವು ಎಕ್ಸ್‌ರೇ, ಕೆಲವು ಸಿ.ಟಿ. ಸ್ಕ್ಯಾನಿನಿಂದ ಕಟ್ಟಿದ ಚಿತ್ರಗಳು. ಅಂದು ರಾತ್ರಿ ಅಡುಗೆ ತಡವಾಯಿತು. ಬಿ.ಎ. ಓದಿದ ನನಗೆ ವಿಜ್ಞಾನ ಬಹಳ ತಿಳಿಯದು. ಆದರೆ ಅವಳು ಹೇಳಿದ ಸಂಗತಿ ನನ್ನ ತಲೆಯಿಂದ ಹೋಗಲೇ ಇಲ್ಲ. ನಿಮಗೂ ಹೇಳದೆ ಇರಲಾರೆ.

ಮೊದಲು ಒಂದು ಸಣ್ಣ ಪರೀಕ್ಷೆ. ಹಸುವಿನ ಹಿಂಗಾಲನ್ನು ನೆನಪು ಮಾಡಿಕೊಳ್ಳಿ. ಕಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡ ಒಂದು ಗಂಟು ಇದೆಯಲ್ಲ, ಅದೇನು? ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ಎಲ್ಲರೂ ಒಂದೇ ಬಾಯಲ್ಲಿ "ಮೊಣಕಾಲು" ಎನ್ನುತ್ತಾರೆ. ಹಸುವಿನ ಮೊಣಕಾಲು ಹಿಂದಕ್ಕೆ ಮಡಚುತ್ತದೆ, ನಮ್ಮದು ಮುಂದಕ್ಕೆ ಎಂದು ವಿವರಣೆಯನ್ನೂ ಕೊಡುತ್ತಾರೆ. ನಿಜವಾಗಿ ಅದು ಹಸುವಿನ ಹಿಮ್ಮಡಿ. ಹಸು, ನಾಯಿ, ಬೆಕ್ಕು, ಜಿಂಕೆ ಎಲ್ಲವೂ ಹಿಮ್ಮಡಿಯನ್ನು ನೆಲದಿಂದ ಮೇಲೆತ್ತಿಕೊಂಡು ತುದಿಗಾಲಿನಲ್ಲೇ ನಡೆಯುವ ಪ್ರಾಣಿಗಳು. ಅವುಗಳ ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ, ಚರ್ಮದ ಮಡಿಕೆಯ ಹತ್ತಿರ ಅಡಗಿರುತ್ತದೆ. ಅಲ್ಲಿ ಮುಟ್ಟಿ ನೋಡಿದರೆ ಚಿಪ್ಪು ಕೈಗೆ ಸಿಗುತ್ತದೆ. ಅದೂ ನಮ್ಮ ಹಾಗೆ ಮುಂದಕ್ಕೇ ಬಾಗಿರುತ್ತದೆ.

ಆನೆಯದು ಬೇರೆ ಕಥೆ. ಆನೆಯ ತೊಡೆಮೂಳೆ ಬಹಳ ಉದ್ದ. ದೊಡ್ಡ ಆನೆಯಲ್ಲಿ ಸುಮಾರು ಒಂದು ಮೀಟರ್. ನಮ್ಮದು ಅದರ ಅರ್ಧವೂ ಇಲ್ಲ. ಮೊಣಕಾಲಿನ ಕೆಳಗಿನ ಮೂಳೆ, ಡಾಕ್ಟರುಗಳು ಟಿಬಿಯಾ ಎನ್ನುವುದು, ಅದಕ್ಕಿಂತ ಗಿಡ್ಡ. ಆದ್ದರಿಂದ ಆನೆಯ ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ ಅಡಗದೆ, ನಮ್ಮ ಹಾಗೆ ಕೆಳಗಿಳಿದು ಬಂದಿದೆ. ಸೊಂಟದ ಮೂಳೆಯ ಗುಳಿ ನೇರವಾಗಿ ಕೆಳಮುಖವಾಗಿದ್ದು, ತೊಡೆಮೂಳೆ ಅದರಿಂದ ಕಂಬದ ಹಾಗೆ ಇಳಿಯುತ್ತದೆ. ಮೂಳೆಯ ಮೇಲೆ ಮೂಳೆ ನೆಟ್ಟಗೆ ಕೂತಿದೆ. ಮನೆ ಕಟ್ಟುವವರು ಕಂಬವನ್ನು ವಾಲಿಸಿ ನಿಲ್ಲಿಸುವುದಿಲ್ಲವಲ್ಲ, ಹಾಗೆ. ಕಾಲು ಬಾಗಿದ್ದರೆ ಅದನ್ನು ಕುಸಿಯದಂತೆ ಹಿಡಿದಿಡಲು ಸ್ನಾಯುಗಳು ಸದಾ ಎಳೆಯುತ್ತಿರಬೇಕು. ನೆಟ್ಟಗಿದ್ದರೆ ಭಾರವನ್ನು ಮೂಳೆಯೇ ಹೊರುತ್ತದೆ. ನಾವೂ ನಿಂತಾಗ ಮೊಣಕಾಲನ್ನು ನೇರ ಮಾಡಿಕೊಂಡೇ ನಿಲ್ಲುತ್ತೇವೆ. ನನ್ನ ತಂಗಿಯ ಮಗಳು ಹೇಳಿದ ಹೋಲಿಕೆ ಇದು.

ಹಾಗಾದರೆ ಆನೆಗೆ ನಾಲ್ಕು ಮೊಣಕಾಲು ಎನ್ನುತ್ತಾರಲ್ಲ ಎಂದು ಕೇಳಿದೆ. ಅದು ಸುಳ್ಳು. ಮೊಣಕಾಲಿರುವುದು ಹಿಂದಿನ ಎರಡು ಕಾಲಿಗೇ. ಮುಂಗಾಲಿನಲ್ಲಿ ಮಡಚುವುದು ಮಣಿಕಟ್ಟು, ಅದರ ಮೇಲಿರುವುದು ಮೊಣಕೈ. ಆನೆ ಮಂಡಿಯೂರುವಾಗ ಗಮನಿಸಿ. ಹಿಂಗಾಲಿನ ಮೊಣಕಾಲನ್ನು ನೆಲಕ್ಕೂರಿ, ಪಾದಗಳನ್ನು ಹಿಂದಕ್ಕೆ ಚಾಚಿ, ಥೇಟ್ ದೇವರ ಮುಂದೆ ಮಂಡಿಯೂರಿದ ಮನುಷ್ಯರಂತೆ ಕೂರುತ್ತದೆ.

ಇದು ಕಣ್ಣಿಗೆ ಕಾಣುವ ಸಂಗತಿ. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಆನೆ ಹಿಂಗಾಲನ್ನು ಮನುಷ್ಯರಂತೆ ಮಡಚುತ್ತದೆ ಎಂದು ಬರೆದಿಟ್ಟಿದ್ದ. ಆದರೂ ಆನೆಯನ್ನು ನೋಡದ ಯುರೋಪಿನ ಜನ ನೂರಾರು ವರ್ಷ ಬೇರೆಯೇ ಕಥೆ ನಂಬಿದ್ದರು. ಆನೆಯ ಕಾಲಿಗೆ ಕೀಲೇ ಇಲ್ಲ, ಅದು ಮಲಗಲಾರದು, ಮರಕ್ಕೆ ಒರಗಿ ನಿದ್ದೆ ಮಾಡುತ್ತದೆ, ಬೇಟೆಗಾರ ಆ ಮರವನ್ನು ಅರ್ಧ ಕಡಿದಿಟ್ಟರೆ ಆನೆ ಬಿದ್ದು ಮತ್ತೆ ಏಳಲಾರದು ಎಂದು ಆ ಕಥೆ. ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ 1646ರಲ್ಲಿ ಜನರ ತಪ್ಪು ನಂಬಿಕೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೂ ಸೇರಿಸಿ ಅಲ್ಲಗಳೆಯಬೇಕಾಯಿತು. ನಮ್ಮಲ್ಲಿ ಅಂಥ ಗೊಂದಲಕ್ಕೆ ಎಡೆಯಿರಲಿಲ್ಲ. ಪಾಲಕಾಪ್ಯ ಮುನಿಯ ಹೆಸರಿನಲ್ಲಿರುವ ಹಸ್ತ್ಯಾಯುರ್ವೇದವೆಂಬ ಗ್ರಂಥ ಇಡೀ ಆನೆಯ ರೋಗಗಳಿಗೇ ಮೀಸಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿಯೂ ಆನೆಗಳ ವಿಷಯವಿದೆ. ಹಳೇಬೀಡಿನ ಗುಡಿಯ ತಳದ ಸಾಲಿನಲ್ಲಿ ಇಡೀ ಗುಡಿಯನ್ನು ಹೊತ್ತಂತೆ ನಿಂತಿರುವುದೂ ಆನೆಗಳೇ. ನಮ್ಮ ಶಿಲ್ಪಿಗಳಿಗೆ ಭಾರ ಯಾರ ಮೇಲೆ ಹಾಕಬೇಕೆಂಬುದು ಗೊತ್ತಿತ್ತು.

ಆದರೂ ನಮ್ಮಲ್ಲೇ ಒಂದು ಕಥೆ ಇದೆಯಲ್ಲ, ಕುರುಡರು ಆನೆಯನ್ನು ಮುಟ್ಟಿ ನೋಡಿದ್ದು. ಕಾಲು ಮುಟ್ಟಿದವನು ಕಂಬ ಎಂದ. ಮಕ್ಕಳಿಗೆ ಈ ಕಥೆ ಹೇಳುವಾಗ ಅವರು ಆ ಕುರುಡನನ್ನು ನೋಡಿ ನಗುತ್ತಾರೆ. ಮೂಳೆಯ ಚಿತ್ರ ನೋಡಿದ ಮೇಲೆ ನನಗನ್ನಿಸಿತು, ಉಳಿದವರಿಗಿಂತ ಅವನೇ ಸತ್ಯಕ್ಕೆ ಹತ್ತಿರವಿದ್ದ.

ಒಳಗಿನದನ್ನು ನೋಡಬೇಕಾದರೆ ಹಿಂದೆ ಒಂದೇ ದಾರಿ, ಸತ್ತ ಪ್ರಾಣಿಯನ್ನು ಕೊಯ್ಯುವುದು. 1706ರಲ್ಲಿ ಸ್ಕಾಟ್ಲೆಂಡಿನ ಡಂಡಿ ಎಂಬ ಊರಿನ ಹತ್ತಿರ ಊರೂರು ತಿರುಗಿಸುತ್ತಿದ್ದ ಒಂದು ಆನೆ ಸತ್ತಿತು. ಅಲ್ಲಿಯ ವೈದ್ಯ ಪ್ಯಾಟ್ರಿಕ್ ಬ್ಲೇರ್ ಅದನ್ನು ಕೊಯ್ದು, ಒಂದೊಂದು ಮೂಳೆಯನ್ನೂ ಬಿಡಿಸಿ, 1710ರಲ್ಲಿ ವಿವರವಾಗಿ ಪ್ರಕಟಿಸಿದ. ಆನೆಯ ಪಾದದಲ್ಲಿ ಐದು ಬೆರಳಲ್ಲದೆ ಆರನೆಯದೊಂದು ಇದ್ದಂತಿದೆ ಎಂದು ಗುರುತಿಸಿದವನೂ ಅವನೇ. ಅದು ಬೆರಳೋ, ಮೆದುಮೂಳೆಯ ಗಡ್ಡೆಯೋ ಎಂಬುದು ಮುನ್ನೂರು ವರ್ಷ ತೀರ್ಮಾನವಾಗಲಿಲ್ಲ.

ಕೊಯ್ಯದೆ ನೋಡುವ ವಿದ್ಯೆ ಬಂದದ್ದು 1895ರ ನವೆಂಬರಿನಲ್ಲಿ. ಜರ್ಮನಿಯ ರಾಂಟ್‌ಜನ್ ತನ್ನ ಪ್ರಯೋಗಶಾಲೆಯಲ್ಲಿ ಹೊಸದೊಂದು ಕಿರಣವನ್ನು ಕಂಡುಹಿಡಿದ. ಆ ಡಿಸೆಂಬರಿನಲ್ಲಿ ಹೆಂಡತಿಯನ್ನು ಕರೆದು ಅವಳ ಕೈಯ ಚಿತ್ರ ತೆಗೆದ. ಬೆರಳಿನ ಮೂಳೆಗಳು, ಅದರ ಮೇಲೆ ಕರ್ರಗೆ ಅವಳ ಉಂಗುರ. ಪ್ರಪಂಚದಲ್ಲೇ ಹೆಸರಾದ ಮೊದಲ ಎಕ್ಸ್‌ರೇ ಚಿತ್ರ ಒಬ್ಬ ಗೃಹಿಣಿಯ ಕೈಯದ್ದು ಎಂಬುದು ನಮಗೆ ಯಾರೂ ಪಾಠದಲ್ಲಿ ಒತ್ತಿ ಹೇಳಿಕೊಡಲಿಲ್ಲ. ಅವಳ ಹೆಸರು ಬರ್ತಾ. ರಾಂಟ್‌ಜನ್‌ಗೆ 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಂತು. ತನ್ನ ಶೋಧಕ್ಕೆ ಪೇಟೆಂಟ್ ತೆಗೆದುಕೊಳ್ಳದ ದೊಡ್ಡ ಮನಸ್ಸಿನವನು ಆತ.

ಮನುಷ್ಯರ ಬೆನ್ನಿಗೇ ಪ್ರಾಣಿಗಳ ಸರದಿ ಬಂತು. 1896ರಲ್ಲಿಯೇ ವಿಯೆನ್ನಾದ ಏಡರ್ ಮತ್ತು ವಲೆಂಟಾ ಎಂಬಿಬ್ಬರು ಕಪ್ಪೆ, ಮೀನು, ಹಾವು, ಗೋಸುಂಬೆಗಳ ಎಕ್ಸ್‌ರೇ ತೆಗೆದು ಚಿತ್ರಸಂಪುಟವನ್ನೇ ಹೊರತಂದರು. ಆ ಮೇಲೆ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಸಿ.ಟಿ. ಸ್ಕ್ಯಾನ್ ಕಟ್ಟಿದ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ಅದರೊಳಗೆ ಮೊದಲು ಮಲಗಿದ ರೋಗಿ ಕೂಡ ಒಬ್ಬ ಹೆಂಗಸು. ಎಕ್ಸ್‌ರೇಯಲ್ಲಿ ಮುಂದಿನದು ಹಿಂದಿನದು ಎಲ್ಲ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗುತ್ತದೆ. ಸಿ.ಟಿ.ಯಲ್ಲಿ ಹಾಗಲ್ಲ. ಬಾಳೆದಿಂಡನ್ನು ಪಲ್ಯಕ್ಕೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಒಂದೊಂದು ಬಿಲ್ಲೆಯನ್ನೂ ನೋಡಿ, ಮತ್ತೆ ಜೋಡಿಸಿ ದಿಂಡು ಮಾಡಿದ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಕತ್ತಿಯಿಲ್ಲ.

ಬದುಕಿರುವ ದೊಡ್ಡ ಆನೆಯನ್ನು ನಮ್ಮ ಆಸ್ಪತ್ರೆಗಳ ಸಿ.ಟಿ. ಯಂತ್ರದೊಳಗೆ ತೂರಿಸುವುದು ಆಗುವ ಮಾತಲ್ಲ. ಅದರ ತೊಡೆಯನ್ನು ದಾಟಿ ಚಿತ್ರ ಮೂಡಿಸುವ ಶಕ್ತಿ ಕೈಯಲ್ಲಿ ಹೊತ್ತೊಯ್ಯುವ ಎಕ್ಸ್‌ರೇ ಯಂತ್ರಕ್ಕೂ ಇಲ್ಲ. ಬದುಕಿರುವ ಆನೆಗೆ ಪಾದದ, ಕಾಲಿನ ಕೆಳಭಾಗದ ಎಕ್ಸ್‌ರೇ ತೆಗೆಯುತ್ತಾರೆ. ಉಳಿದದ್ದನ್ನು ಸತ್ತ ಆನೆಗಳ ಕಾಲಿನಿಂದ ತಿಳಿದುಕೊಳ್ಳಬೇಕು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಜಾನ್ ಹಚಿನ್ಸನ್ ಎಂಬ ವಿಜ್ಞಾನಿ, ಸತ್ತ ಆನೆಗಳ ಪಾದಗಳನ್ನು ಶೈತ್ಯಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಸಿ.ಟಿ. ಮಾಡಿ, ಕೊಯ್ದು ನೋಡಿ, 2011ರಲ್ಲಿ ಆ ಆರನೆಯ ಬೆರಳಿನ ಒಗಟನ್ನು ಬಿಡಿಸಿದರು. ಅದು ನಿಜವಾದ ಬೆರಳಲ್ಲ. ಆದರೆ ವ್ಯರ್ಥವಾದ ಗಡ್ಡೆಯೂ ಅಲ್ಲ. ಮರಿಯಲ್ಲಿ ಮೆದುಮೂಳೆಯಾಗಿದ್ದು, ಬೆಳೆಯುತ್ತ ಬೆಳೆಯುತ್ತ ಗಟ್ಟಿ ಮೂಳೆಯಾಗಿ, ಪಾದದ ಹಿಂಭಾಗಕ್ಕೆ ಊರುಗೋಲಿನಂತೆ ನಿಲ್ಲುತ್ತದೆ.

ಊರುಗೋಲು ಏಕೆ ಬೇಕು? ನಮಗೆ ಆನೆಯ ಪಾದ ಒರಳಿನ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಒಳಗಿನ ಚಿತ್ರದಲ್ಲಿ ಆನೆಯೂ ತುದಿಗಾಲಿನಲ್ಲೇ ನಿಂತಿದೆ! ಮುಂಗಾಲಿನಲ್ಲಿ ಹೆಚ್ಚು, ಹಿಂಗಾಲಿನಲ್ಲಿ ತುಸು ಕಡಿಮೆ. ಬೆರಳಿನ ಮೂಳೆಗಳ ಹಿಂದೆ, ಹಿಮ್ಮಡಿಯ ಕೆಳಗೆ, ಕೊಬ್ಬು ಮತ್ತು ನಾರು ತುಂಬಿದ ದಪ್ಪನೆಯ ಮೆತ್ತೆಯಿದೆ. ನಮ್ಮ ಕಾಲೇಜು ಹುಡುಗಿಯರು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡ ಹಾಗೆ. ಕಾಲೂರಿದಾಗ ಈ ಮೆತ್ತೆ ಹರಡಿಕೊಳ್ಳುತ್ತದೆ, ಎತ್ತಿದಾಗ ಕುಗ್ಗುತ್ತದೆ. ಅಷ್ಟು ದೊಡ್ಡ ಪ್ರಾಣಿ ಕಾಡಿನಲ್ಲಿ ಸದ್ದಿಲ್ಲದೆ ನಡೆಯುವುದು ಇದರಿಂದ. ಸಕಲೇಶಪುರ, ಕೊಡಗಿನ ಕಡೆಯ ನಮ್ಮ ನೆಂಟರು "ತೋಟದೊಳಗೆ ಬಂದು ಹೋದದ್ದು ಬೆಳಿಗ್ಗೆ ಹೆಜ್ಜೆ ನೋಡಿದ ಮೇಲೇ ಗೊತ್ತಾಯಿತು" ಎನ್ನುತ್ತಾರೆ. ಹೆಜ್ಜೆಯಲ್ಲೂ ಗುರುತಿದೆ. ಮುಂಗಾಲಿನದು ಗುಂಡಗೆ, ಹಿಂಗಾಲಿನದು ಮೊಟ್ಟೆಯಾಕಾರ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ನಮ್ಮ ತೊಡೆಮೂಳೆಯ ನಡುವೆ ಕೊಳವೆಯ ಹಾಗೆ ಪೊಳ್ಳು ಇದ್ದು, ಅದರಲ್ಲಿ ಮಜ್ಜೆ ತುಂಬಿರುತ್ತದೆ. ಆನೆಯ ಕಾಲಿನ ಮೂಳೆಯಲ್ಲಿ ಅಂಥ ಪೊಳ್ಳಿಲ್ಲ. ಒಳಗೆಲ್ಲ ಜೇನುಹುಟ್ಟಿನಂತೆ, ಸ್ಪಂಜಿನಂತೆ ಸಣ್ಣ ಸಣ್ಣ ಮೂಳೆಯ ಎಳೆಗಳು ಹೆಣೆದುಕೊಂಡಿವೆ. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಇದಕ್ಕೆ ಸಂಬಂಧಿಸಿದ ಲೆಕ್ಕ ಹೇಳಿದ್ದಾನೆ. ಒಂದು ಪ್ರಾಣಿ ಎಲ್ಲ ಅಳತೆಯಲ್ಲೂ ಎರಡರಷ್ಟಾದರೆ ಅದರ ತೂಕ ಎಂಟರಷ್ಟಾಗುತ್ತದೆ, ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನಾಲ್ಕರಷ್ಟೇ. ಆದ್ದರಿಂದ ದೊಡ್ಡ ಪ್ರಾಣಿಯ ಮೂಳೆ ಅಳತೆಗೆ ಮೀರಿ ದಪ್ಪಗಾಗಲೇಬೇಕು. ಆನೆ ನಾಲ್ಕು ಕಾಲನ್ನೂ ಒಟ್ಟಿಗೆ ಎತ್ತಿ ನೆಗೆಯುವುದಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ಹಚಿನ್ಸನ್ ಮತ್ತು ಸಂಗಡಿಗರು ಥಾಯ್ಲೆಂಡಿನ ಆನೆಗಳ ಕೀಲುಗಳ ಮೇಲೆ ಬಣ್ಣದ ಚುಕ್ಕಿ ಇಟ್ಟು ಓಡಿಸಿ ಚಿತ್ರೀಕರಿಸಿದರು. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಹೋದಾಗಲೂ ಅವುಗಳ ಒಂದು ಕಾಲಾದರೂ ನೆಲದ ಮೇಲೇ ಇತ್ತು. ಇದನ್ನು ಕೇಳಿದಾಗ ನನಗೆ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ನಮ್ಮಂಥವರ ಅಡುಗೆಮನೆಯ ಓಡಾಟ ನೆನಪಾಯಿತು. ವೇಗ ಇದೆ, ನೆಗೆತ ಇಲ್ಲ.

ಇಷ್ಟೆಲ್ಲ ಕೇಳುತ್ತ ಕುಳಿತಿದ್ದಾಗ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬಂದವರು ನಮ್ಮ ಅತ್ತೆ.

ಅತ್ತೆ ಈ ಮನೆಗೆ ಬಂದಾಗ ಅವರಿಗೆ ಹದಿನೈದು ವರ್ಷವಂತೆ. ನಾನು ಸೊಸೆಯಾಗಿ ಬಂದ ಮೇಲೆ ಅವರು ಹಗಲು ಹೊತ್ತಿನಲ್ಲಿ ಕೂತದ್ದನ್ನು ನೋಡಿದ್ದು ಎರಡೇ ಸಂದರ್ಭದಲ್ಲಿ, ಒಂದು ಊಟಕ್ಕೆ, ಇನ್ನೊಂದು ಹೂ ಕಟ್ಟುವುದಕ್ಕೆ. ಅದೂ ಎಲ್ಲರ ಊಟ ಮುಗಿದ ಮೇಲಿನ ಊಟ. ನಿಂತು ಬೇಯಿಸಿದರು, ನಿಂತು ಬಡಿಸಿದರು. ಮಾವನವರು ಮಾತನಾಡಿಸಿದರೆ ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಉತ್ತರಿಸಿದರು. ಕಾಲು ನೋವು ಎಂದು ಅವರ ಬಾಯಿಂದ ಬಂದದ್ದು ನನಗೆ ನೆನಪಿಲ್ಲ. ರಾತ್ರಿ ಮಲಗುವ ಮುನ್ನ ಗೋಡೆಗೆ ಒರಗಿ ಕಾಲು ಚಾಚಿ, ಮೊಣಕಾಲ ಚಿಪ್ಪಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಅದೇ ಅವರ ದೂರು.

2003ರ ಮಳೆಗಾಲದಲ್ಲಿ ಬಚ್ಚಲಿನ ಮುಂದಿನ ಕಲ್ಲಿನ ಮೇಲೆ ಜಾರಿ ಬಿದ್ದರು. ಎತ್ತಲು ಹೋದರೆ ಮುಟ್ಟಗೊಡಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ತೊಡೆಮೂಳೆಯ ತಲೆ ಸೊಂಟಕ್ಕೆ ಕೂಡುವ ಕತ್ತು ಇರುತ್ತದಲ್ಲ, ಅಲ್ಲಿ ಮುರಿದಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬೇಗ ತೆಳುವಾಗುತ್ತ ಹೋಗುತ್ತದೆ, ಅದಕ್ಕೇ ಇಷ್ಟು ಸಣ್ಣ ಪೆಟ್ಟಿಗೂ ಮುರಿಯುವುದು ಎಂದು ಡಾಕ್ಟರು ಹೇಳಿದರು. ಸರಳು ಹಾಕಿದರು. ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟಾದರು. ಒಲೆಯ ಮುಂದೆ ಮತ್ತೆ ನಿಲ್ಲಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು.

ತಿಂಗಳ ಕಾರ್ಯವೆಲ್ಲ ಮುಗಿದ ಮೇಲೆ ಗೋಡೆಗೆ ಹಾಕಲು ಅವರ ಫೋಟೋ ಹುಡುಕಿದೆವು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲದರಲ್ಲೂ ಅತ್ತೆ ಇದ್ದಾರೆ, ಆದರೆ ಯಾರದೋ ಭುಜದ ಹಿಂದೆ, ಚಿತ್ರದ ಅಂಚಿನಲ್ಲಿ, ಅರ್ಧ ಮುಖ. ಕೈಯಲ್ಲಿ ತಟ್ಟೆಯೋ ಲೋಟವೋ ಇದ್ದೇ ಇದೆ. ಬೀರುವಿನ ಮೇಲಿದ್ದ ದೊಡ್ಡ ಲಕೋಟೆ ತೆರೆದರೆ ಆ ಎಕ್ಸ್‌ರೇ. ಮೂಲೆಯಲ್ಲಿ ಅವರ ಹೆಸರು, ವಯಸ್ಸು 74 ಎಂದು ಬರೆದಿತ್ತು. ಅತ್ತೆಯೊಬ್ಬರೇ ಇದ್ದ ಚಿತ್ರ ನಮ್ಮ ಮನೆಯಲ್ಲಿ ಅದೊಂದೇ. ನಮ್ಮವರು ಅದನ್ನು ಬಹಳ ಹೊತ್ತು ಕಿಟಕಿಯ ಬೆಳಕಿಗೆ ಹಿಡಿದುಕೊಂಡಿದ್ದರು. ಕೊನೆಗೆ ಗುಂಪು ಫೋಟೋದಿಂದ ಅವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಎಕ್ಸ್‌ರೇಯನ್ನು ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ. ಇವತ್ತಿಗೂ ಅದು ಬೀರುವಿನ ಮೇಲೇ ಇದೆ.

ಇದನ್ನು ನನ್ನ ತಂಗಿಯ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆನೆಗಳದ್ದೂ ಇದೇ ಕಥೆ ದೊಡ್ಡಮ್ಮಾ" ಎಂದಳು. ಮನುಷ್ಯರು ಸಾಕಿದ ಆನೆಗಳಿಗೆ ದೊಡ್ಡ ಶತ್ರು ಪಾದದ ರೋಗ ಮತ್ತು ಕೀಲುನೋವು. ಕಾಡಾನೆ ಮಣ್ಣಿನ ಮೇಲೆ, ಎಲೆಯ ಮೇಲೆ, ಕೆಸರಿನಲ್ಲಿ ದಿನವೆಲ್ಲ ನಡೆಯುತ್ತಲೇ ಇರುತ್ತದೆ. ಕಂಬದಂಥ ಆ ಕಾಲು ಇರುವುದು ಭಾರ ಹೊತ್ತು ನಡೆಯುವುದಕ್ಕೆ. ಅದೇ ಆನೆಯನ್ನು ಗಟ್ಟಿ ಸಿಮೆಂಟಿನ ನೆಲದ ಮೇಲೆ, ಹಿಂಗಾಲಿಗೆ ಸರಪಳಿ ಹಾಕಿ ನಿಲ್ಲಿಸಿದರೆ ಉಗುರು ಬಿರಿಯುತ್ತದೆ, ಅಂಗಾಲಿನಲ್ಲಿ ಕೀವು ಕಟ್ಟುತ್ತದೆ, ಕೀಲು ಸವೆಯುತ್ತದೆ. ಆಗ ಎಕ್ಸ್‌ರೇ ತೆಗೆದರೆ ವೈದ್ಯರು ಮೊದಲು ನೋಡುವುದು ಮೂಳೆ ಮೂಳೆಗಳ ನಡುವಿನ ಜಾಗವನ್ನು. ನನ್ನ ಡಾಕ್ಟರು ಬೆರಳಿಟ್ಟು ತೋರಿಸಿದ ಅದೇ ಜಾಗ. "ಆನೆಯೂ ನೋವು ಎಂದು ಹೇಳುವುದಿಲ್ಲ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತಿರುತ್ತದೆ. ನೋಡುವವರಿಗೆ ಗೊತ್ತಾಗಬೇಕು" ಎಂದಳು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ವರ್ಷಕ್ಕೊಮ್ಮೆ ಆನೆ ಬರುತ್ತಿತ್ತು. ಮನೆಮನೆಯ ಮುಂದೆ ನಿಂತು ಸೊಂಡಿಲೆತ್ತುತ್ತಿತ್ತು. ಅಮ್ಮ ಅಕ್ಕಿ ಬೆಲ್ಲ ಕೊಡುತ್ತಿದ್ದಳು. ಮಕ್ಕಳೆಲ್ಲ ಸೊಂಡಿಲು ನೋಡುತ್ತಿದ್ದೆವು. ಹಿಂಗಾಲಿನಲ್ಲಿ ಸರಪಳಿ ಉಜ್ಜಿ ಚರ್ಮ ಬೋಳಾಗಿ ಬಳೆಯ ಹಾಗೆ ಕಲೆ ಬಿದ್ದಿತ್ತು. ಅದು ಕಾಲಿನ ಆಭರಣವೆಂದೇ ನಮ್ಮ ಬೀದಿಯ ಹುಡುಗಿಯರ ಮಾತು.

ಕಾಲ ಅಲ್ಲೇ ನಿಂತಿಲ್ಲ. ಉತ್ತರ ಪ್ರದೇಶದ ಮಥುರಾದ ಹತ್ತಿರ 2018ರಲ್ಲಿ ಆನೆಗಳಿಗೇ ಎಂದು ಒಂದು ಆಸ್ಪತ್ರೆ ತೆರೆಯಿತು. ಅಲ್ಲಿ ಆನೆ ನಿಂತಲ್ಲೇ ಪಾದದ ಎಕ್ಸ್‌ರೇ ತೆಗೆಯುವ ವ್ಯವಸ್ಥೆ ಇದೆ. ದುಡಿದು ದುಡಿದು ಕಾಲು ಹೋದ ಆನೆಗಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ.

ನಮಗೆ ಅಷ್ಟು ದೂರ ಹೋಗಬೇಕಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸು ಸಕ್ರೆಬೈಲಿನ ಆನೆ ಬಿಡಾರದ ಮುಂದೆಯೇ ಹಾದುಹೋಗುತ್ತದೆ. ಈ ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದೆ. ಬೆಳಗಿನ ಹೊತ್ತು ತುಂಗೆಯ ಹಿನ್ನೀರಿಗೆ ಆನೆಗಳು ಸ್ನಾನಕ್ಕೆ ಇಳಿಯುತ್ತವೆ. ರಾತ್ರಿ ಕಾಡಿಗೆ ಮೇಯಲು ಬಿಟ್ಟ ಆನೆಗಳನ್ನು ಮಾವುತರು, ಕಾವಾಡಿಗಳು ಬೆಳಿಗ್ಗೆ ಹುಡುಕಿ ಕರೆತಂದಿರುತ್ತಾರೆ. ಮಕ್ಕಳಿಗೆ, "ಸೊಂಡಿಲು ಬಿಡಿ, ಇವತ್ತು ಹಿಂಗಾಲು ನೋಡಿ. ಮೊಣಕಾಲು ಎಲ್ಲಿದೆ, ಹಿಮ್ಮಡಿ ಎಲ್ಲಿದೆ, ಹೇಳಿ" ಎಂದೆ. ದಂಡೆ ಇಳಿಯುವಾಗ ಒಂದು ಆನೆ ಹಿಂಗಾಲನ್ನು ಬಗ್ಗಿಸಿ ಕುಕ್ಕರಿಸಿದಂತೆ ಜಾರಿತು. "ಟೀಚರ್, ಮೊಣಕಾಲು! ನಮ್ಮ ಥರಾನೇ!" ಎಂದು ಒಬ್ಬ ಹುಡುಗಿ ಕೂಗಿದಳು. ಹಿಂಗಾಲಿನ ಉಗುರು ಎಣಿಸಿ ನಾಲ್ಕು ಎಂದರು, ಮುಂಗಾಲಿಗೆ ಐದು.

ಒಂದು ಹಿರಿಯ ಹೆಣ್ಣಾನೆ ನೀರಿನಲ್ಲಿ ಪಕ್ಕಕ್ಕೆ ಮಲಗಿಬಿಟ್ಟಿತು. ಮಾವುತ ಅದರ ಅಂಗಾಲನ್ನು ಉಜ್ಜುತ್ತಿದ್ದ. ಆನೆ ಕಣ್ಣು ಮುಚ್ಚಿಕೊಂಡಿತ್ತು. ಬೋಟ್ಸ್ವಾನಾ ದೇಶದಲ್ಲಿ ಎರಡು ಕಾಡು ಹೆಣ್ಣಾನೆಗಳನ್ನು, ಹಿಂಡಿನ ಯಜಮಾನಿಯರನ್ನು, ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವು ದಿನಕ್ಕೆ ಸರಾಸರಿ ಎರಡು ಗಂಟೆ ಮಾತ್ರ ನಿದ್ದೆ ಮಾಡುತ್ತಿದ್ದವು, ಅದೂ ಹೆಚ್ಚಾಗಿ ನಿಂತುಕೊಂಡೇ. ನೆಲಕ್ಕೆ ಮೈಚಾಚುತ್ತಿದ್ದದ್ದು ಮೂರು ನಾಲ್ಕು ದಿನಕ್ಕೊಮ್ಮೆ. ಮಾವುತನನ್ನು ಕೇಳಿದೆ, "ದಿನಾ ಹೀಗೆ ಮಲಗುತ್ತದಾ?" "ಹೌದು ಮೇಡಂ. ಎಬ್ಬಿಸಿದರೂ ಬೇಗ ಏಳೋದಿಲ್ಲ. ನೀರಲ್ಲಿ ಭಾರ ಇರೋದಿಲ್ಲ ನೋಡಿ, ಕಾಲಿಗೆ ಹಿತ" ಎಂದ. ಯಾವ ಎಕ್ಸ್‌ರೇಯೂ ಇಲ್ಲದೆ ಅವನಿಗೆ ಅದು ಗೊತ್ತಿತ್ತು.

ಶಿವಮೊಗ್ಗದ ಡಾಕ್ಟರು ನನಗೆ ಹೇಳಿದ್ದು ಇಷ್ಟು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ತೂಕ ಇಳಿಸಿ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡಿ, ಒಂದೇ ಸಮ ನಿಲ್ಲಬೇಡಿ, ಒಂದೇ ಸಮ ಕೂರಲೂಬೇಡಿ. ನಾನು ಶಾಲೆಯಲ್ಲಿ ತರಗತಿಗೊಂದು ಕುರ್ಚಿ ಕೇಳಿದೆ. ಕೂತು ಪಾಠ ಮಾಡಿದರೆ ಮಕ್ಕಳಲ್ಲಿ ಶಿಸ್ತು ಉಳಿಯುವುದಿಲ್ಲ ಎಂದರು. ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟು, ಡಾಕ್ಟರು ತೋರಿಸಿದ ಜಾಗದಲ್ಲಿ ನಾನೂ ಬೆರಳಿಟ್ಟು ತೋರಿಸಿದೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ, ಅಷ್ಟೂ ದಿನ ಪಾಠ ಮಾಡಬೇಕೆಂದೇ ಕೇಳುತ್ತಿದ್ದೇನೆ ಎಂದೆ. ಕುರ್ಚಿ ಬಂತು. ಶಿಸ್ತು ಮೊದಲಿದ್ದಷ್ಟೇ ಇದೆ.

ಮನೆಯಲ್ಲಿ ಅಡುಗೆಕಟ್ಟೆಯ ಎತ್ತರಕ್ಕೆ ಸರಿಯಾಗಿ ಬಡಗಿಯಿಂದ ಒಂದು ಸ್ಟೂಲು ಮಾಡಿಸಿದೆ. ಮೊದಮೊದಲು ನಮ್ಮವರು "ಇದೇನು, ಅಡುಗೆಮನೆಯಲ್ಲಿ ಆಫೀಸು ತೆರೆದ ಹಾಗಿದೆ" ಎಂದರು. ಈಗ ಬೆಳಿಗ್ಗೆ ಕಾಫಿ ಹಿಡಿದು ಅದರ ಮೇಲೆ ಅವರೇ ಕೂರುತ್ತಾರೆ. ಏಳಿಸಬೇಕಾಗುತ್ತದೆ. ಸೊಸೆ ತರಕಾರಿ ಹೆಚ್ಚುವಾಗ ಯಾರೂ ಹೇಳದೆಯೇ ಅದನ್ನು ಎಳೆದುಕೊಳ್ಳುತ್ತಾಳೆ. ಅವಳಿಗೆ ಇನ್ನೂ ಇಪ್ಪತ್ತೇಳು. ಮೊನ್ನೆ ಬಡಗಿ ದಾರಿಯಲ್ಲಿ ಸಿಕ್ಕಿದ್ದ. ಇನ್ನೊಂದು ಸ್ಟೂಲಿಗೆ ಹೇಳಿ ಬಂದಿದ್ದೇನೆ.